ರೇಡಾರ್ ತೆರೆಯ ವೃತ್ತ, ಚೌಕ, ತ್ರಿಕೋನ: ಒಂದು ತಿದ್ದುಪಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುರವಣಿಯ ಪ್ರಶ್ನೋತ್ತರ ಅಂಕಣದಲ್ಲಿ ಕಳೆದ ವಾರ ವಿದ್ಯಾರ್ಥಿಯೊಬ್ಬರು ಕೇಳಿದ್ದ ಪ್ರಶ್ನೆಯನ್ನು ಓದಿ ಸಂತೋಷಪಟ್ಟೆ. ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರ್‌ನಲ್ಲಿ ರೇಡಾರ್ ತೆರೆಯ ಮೇಲೆ ಕಾಣುವ ಚೌಕ, ವೃತ್ತ, ತ್ರಿಕೋನಗಳನ್ನು ಹೇಗೆ ಓದಬೇಕು ಎಂಬುದು ಆ ಪ್ರಶ್ನೆ. ಅದಕ್ಕೆ ದೊರೆತ ಉತ್ತರ ಕೆಲವೇ ಸಾಲುಗಳದು: ಹಸಿರು ವೃತ್ತ ಮಿತ್ರ, ಕೆಂಪು ತ್ರಿಕೋನ ಶತ್ರು, ಹಳದಿ ಚೌಕ ಅಪರಿಚಿತ, ಬೇರೆಯವರ ರೇಡಾರು ನಮ್ಮ ಮೇಲೆ ಬೀಳುವುದನ್ನು ತಿಳಿಸುವ ಎಚ್ಚರಿಕೆಯ ತೆರೆಯಲ್ಲಿ ಚಿಹ್ನೆಯು ನಡುವಿಗೆ ಎಷ್ಟು ಹತ್ತಿರವಿದೆಯೋ ಶತ್ರು ನಮಗೆ ಅಷ್ಟು ಹತ್ತಿರ. ಇದರಲ್ಲಿ ಮೊದಲ ಭಾಗ ಅರ್ಧ ಸತ್ಯ, ಎರಡನೆಯ ಭಾಗ ತಪ್ಪು. ಇಷ್ಟು ಒಳ್ಳೆಯ ಪ್ರಶ್ನೆ ಕೇಳಿದ ಮಗುವಿಗೆ ಪೂರ್ಣವಾದ ಉತ್ತರ ಸಿಗಬೇಕೆಂಬ ಒಂದೇ ಕಾರಣಕ್ಕೆ ಈ ಪತ್ರವನ್ನು ಬರೆಯುತ್ತಿದ್ದೇನೆ, ಉದ್ದವಾದರೆ ಕ್ಷಮಿಸಬೇಕು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಮೂರು ದಶಕ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಮೊಮ್ಮಗಳು ತನ್ನ ಕಂಪ್ಯೂಟರಿನಲ್ಲಿ ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರ್ ಹಾಕಿಕೊಂಡಾಗ ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ, ಬರಬರುತ್ತ ನಾನೂ ಕಲಿತೆ. ಅದರಲ್ಲಿ ನಾವು ಹಾರಿಸುವುದು ಅಮೆರಿಕದ ಎಫ್-16 ಮತ್ತು ಎಫ್/ಎ-18 ಹಾರ್ನೆಟ್. ನಿಜವಾದ ವಿಮಾನದ ಪ್ರತಿಯೊಂದು ಗುಟ್ಟೂ ಅದರಲ್ಲಿ ಇರಲು ಸಾಧ್ಯವಿಲ್ಲ. ಆದರೆ ರೇಡಾರ್ ತೆರೆಯನ್ನು ಓದುವ ಕ್ರಮ, ಅದರ ಹಿಂದಿರುವ ಭೌತಶಾಸ್ತ್ರ ಇವೆರಡನ್ನೂ ಅದು ಶ್ರದ್ಧೆಯಿಂದ ಅನುಸರಿಸುತ್ತದೆ.

ಮೊದಲು ಬಣ್ಣದ ವಿಷಯ. ಎಫ್-16ರ ರೇಡಾರು ತಾನಾಗಿಯೇ ಆಕಾಶವನ್ನು ಜಾಲಾಡುವಾಗ ತೆರೆಯ ಮೇಲೆ ಮೂಡಿಸುವುದು ಸಣ್ಣ ಬಿಳಿ ಚೌಕವನ್ನು ಮಾತ್ರ. ಅದರ ಅರ್ಥ ಇಷ್ಟೇ: ನಾನು ಕಳುಹಿಸಿದ ರೇಡಿಯೊ ಅಲೆ ಇಂಥ ದಿಕ್ಕಿನಲ್ಲಿ, ಇಷ್ಟು ದೂರದಲ್ಲಿ ಯಾವುದಕ್ಕೋ ತಾಗಿ ಹಿಂತಿರುಗಿತು. ಹಿಂತಿರುಗಿದ ಅಲೆಯಲ್ಲಿ ದಿಕ್ಕಿದೆ, ದೂರವಿದೆ, ನಮ್ಮತ್ತ ಬರುವ ಅಥವಾ ನಮ್ಮಿಂದ ಸರಿಯುವ ವೇಗವಿದೆ, ದೇಶದ ಹೆಸರಿಲ್ಲ. ಹಾಗಾದರೆ ಹಸಿರು ವೃತ್ತ, ಕೆಂಪು ತ್ರಿಕೋನಗಳು ಎಲ್ಲಿಂದ ಬಂದವು? ಅವು ಬಹುಪಾಲು ಡೇಟಾಲಿಂಕ್ ಮೂಲಕ ಬಂದವು. ಎಂದರೆ ಜೊತೆಯ ವಿಮಾನಗಳೋ, ದೂರದಲ್ಲಿ ಹಾರುತ್ತಿರುವ ಕಣ್ಗಾವಲು ವಿಮಾನವೋ ತಾನು ಕಂಡದ್ದನ್ನು ರೇಡಿಯೊದಲ್ಲಿ ಹಂಚಿಕೊಂಡು, ನಮ್ಮ ತೆರೆಯ ಮೇಲೆ ಅದು ಚಿಹ್ನೆಯಾಗಿ ಕುಳಿತಿದೆ. ನಮ್ಮ ಕಣ್ಣು ಕಂಡದ್ದು ಬೇರೆ, ನಂಬಿಕಸ್ಥರೊಬ್ಬರು ಬಂದು ಹೇಳಿದ್ದು ಬೇರೆ. ತೆರೆ ಎರಡನ್ನೂ ಒಂದೇ ಜಾಗದಲ್ಲಿ ತೋರಿಸುವುದರಿಂದ, ಯಾವುದು ಯಾವುದೆಂದು ಬೇರ್ಪಡಿಸಿ ಓದುವ ಹೊಣೆ ನಮ್ಮದು.

ಶತ್ರುವೋ ಮಿತ್ರನೋ ಎಂದು ಕೇಳಲು ಪ್ರತ್ಯೇಕವಾದ ಒಂದು ಸಾಧನವಿದೆ, ಅದನ್ನು ಐಎಫ್ಎಫ್ ಎನ್ನುತ್ತಾರೆ. ನಮ್ಮ ವಿಮಾನ ಒಂದು ಸಂಕೇತವನ್ನು ಕಳುಹಿಸಿ ವಿಚಾರಿಸುತ್ತದೆ. ಎದುರಿನ ವಿಮಾನದ ಯಂತ್ರ ಸರಿಯಾದ ಸಂಕೇತದಿಂದ ಉತ್ತರಿಸಿದರೆ ಅದು ನಮ್ಮವರದೆಂದು ತಿಳಿಯುತ್ತದೆ. ಇಲ್ಲಿ ಓದುಗರು ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಬಂದ ಉತ್ತರ ಮಿತ್ರನೆಂಬುದಕ್ಕೆ ಸಾಕ್ಷಿಯಾಗುತ್ತದೆ, ಆದರೆ ಬಾರದ ಉತ್ತರ ಶತ್ರುವೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಯಂತ್ರ ಕೆಟ್ಟಿರಬಹುದು, ಆರಿಸಿಟ್ಟಿರಬಹುದು, ಆ ದಿನದ ಸಂಕೇತ ತಪ್ಪಾಗಿರಬಹುದು, ಅದು ಯಾವುದೋ ನಾಗರಿಕ ವಿಮಾನವೇ ಆಗಿರಬಹುದು.

ಇದನ್ನು ನಾನು ಕಲಿತದ್ದು ಒಂದು ಸಂಜೆಯ ತಪ್ಪಿನಿಂದ. ಮೊಮ್ಮಗಳೂ ನಾನೂ ಎರಡು ಕಂಪ್ಯೂಟರುಗಳಲ್ಲಿ ಕುಳಿತು ಒಂದೇ ಕಾರ್ಯಾಚರಣೆಯಲ್ಲಿ ಹಾರುತ್ತಿದ್ದೆವು. ಅವಳ ವಿಮಾನದ ಡೇಟಾಲಿಂಕ್ ಚಾಲೂ ಆಗಿರಲಿಲ್ಲ. ನನ್ನ ತೆರೆಯಲ್ಲಿ ಮೂವತ್ತು ಮೈಲಿ ಆಚೆ ಒಂದು ಬಿಳಿ ಚೌಕ ಕಂಡಿತು, ಪಕ್ಕದಲ್ಲಿ ಹಸಿರು ವೃತ್ತವಿರಲಿಲ್ಲ, ಆದ್ದರಿಂದ ಶತ್ರುವೆಂದು ತೀರ್ಮಾನಿಸಿ ವಿಚಾರಣೆಯ ಗುಂಡಿಯನ್ನು ಒತ್ತದೆಯೇ ಕ್ಷಿಪಣಿ ಬಿಟ್ಟೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಟದಲ್ಲೇ ಆದರೂ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಏಕೆಂದರೆ ನಿಜ ಜೀವನದಲ್ಲಿ ಹೀಗೆ ಆದದ್ದು ನನಗೆ ನೆನಪಿತ್ತು. 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡ್ಗಾಮ್ ಬಳಿ ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಸಿಕ್ಕಿ, ಅದರಲ್ಲಿದ್ದ 6 ಮಂದಿ ವಾಯುಪಡೆಯವರೂ ನೆಲದ ಮೇಲಿದ್ದ ಒಬ್ಬ ನಾಗರಿಕರೂ ತೀರಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥರು ಅದು ದೊಡ್ಡ ತಪ್ಪೆಂದು ಸಾರ್ವಜನಿಕವಾಗಿ ಒಪ್ಪಿಕೊಂಡರು. 1994ರ ಏಪ್ರಿಲ್ 14ರಂದು ಇರಾಕಿನ ಉತ್ತರ ಭಾಗದಲ್ಲಿ ಅಮೆರಿಕದ ಎರಡು ಎಫ್-15 ವಿಮಾನಗಳು ತಮ್ಮದೇ ಸೇನೆಯ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರುಗಳನ್ನು ಹೊಡೆದುರುಳಿಸಿದಾಗ 26 ಜನ ಸತ್ತರು. ‘ಅಪರಿಚಿತ’ ಎಂಬ ಚಿಹ್ನೆಯನ್ನು ‘ಶತ್ರು’ ಎಂದು ಓದಬಾರದೆಂದು ಮಕ್ಕಳಿಗೆ ಒತ್ತಿ ಹೇಳಬೇಕಾದದ್ದು ಇದಕ್ಕಾಗಿ.

ಈ ದೃಷ್ಟಿಯಿಂದ ಹಾರ್ನೆಟ್ ವಿಮಾನದ ಚಿಹ್ನೆಗಳು ನನಗೆ ತುಂಬ ಪ್ರಾಮಾಣಿಕವಾಗಿ ಕಾಣುತ್ತವೆ. ಅಲ್ಲಿ ಒಂದೊಂದು ಚಿಹ್ನೆಗೂ ಮೇಲರ್ಧ, ಕೆಳಗರ್ಧ ಎಂಬ ಎರಡು ಭಾಗಗಳಿವೆ. ಮೇಲರ್ಧ ನಮ್ಮ ವಿಮಾನದ ಉಪಕರಣಗಳು ತಿಳಿದುಕೊಂಡದ್ದು. ಕೆಳಗರ್ಧ ಡೇಟಾಲಿಂಕಿನಲ್ಲಿ ಬೇರೆಯವರು ತಿಳಿಸಿದ್ದು. ಮಿತ್ರನಾದರೆ ಅರ್ಧವೃತ್ತ, ಶತ್ರುವಾದರೆ ಹೆಂಚಿನ ಮಾಡಿನಂತೆ ಚೂಪಾದ ಕೋನ, ಅಪರಿಚಿತನಾದರೆ ಚೌಕದ ಅರ್ಧದಂತಿರುವ ಆವರಣ. ಮೇಲೆ ಆವರಣ, ಕೆಳಗೆ ಕೋನ ಕಂಡರೆ ‘ನನಗೆ ಇನ್ನೂ ಗೊತ್ತಿಲ್ಲ, ಆದರೆ ಅವರು ಶತ್ರುವೆನ್ನುತ್ತಿದ್ದಾರೆ’ ಎಂದು ಓದಬೇಕು. ಯಾರ ಮಾತು ಯಾವುದೆಂಬುದು ಆಕಾರದೊಳಗೇ ಬರೆದಿದೆ. ಅಷ್ಟೇ ಅಲ್ಲ, ಐಎಫ್ಎಫ್ ವಿಚಾರಣೆಗೆ ಉತ್ತರ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಹಾರ್ನೆಟ್ ತನ್ನ ಮೇಲರ್ಧವನ್ನು ಚೂಪಾಗಿಸುವುದಿಲ್ಲ. ಎಂಜಿನ್ನಿನ ತಿರುಗುವ ಅಲಗುಗಳಿಂದ ಮರಳಿದ ಅಲೆಯ ಲಕ್ಷಣವನ್ನು ನೋಡಿ ಆ ವಿಮಾನದ ಜಾತಿಯೂ ಎದುರು ಪಕ್ಷದ್ದೆಂದು ಗುರುತಾದ ಮೇಲಷ್ಟೇ ಅದು ಶತ್ರುವೆಂಬ ಮಾತನ್ನು ಆಡುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಈ ಯಂತ್ರಕ್ಕೆ ಗೊತ್ತಿರುವಂತಿದೆ.

ಇದೇ ಆಕಾರಗಳು ಎಲ್ಲ ಕಡೆಯೂ ಇದೇ ಅರ್ಥ ಕೊಡುತ್ತವೆಂದು ತಿಳಿಯಬಾರದು. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆ ತನ್ನ ಹಡಗುಗಳಲ್ಲಿ ಬಳಕೆಗೆ ತಂದ ಚಿಹ್ನಾಪದ್ಧತಿಯಲ್ಲಿ ಮೇಲರ್ಧ ಮಾತ್ರವಿದ್ದರೆ ಆಕಾಶದಲ್ಲಿರುವ ವಸ್ತು, ಕೆಳಗರ್ಧ ಮಾತ್ರವಿದ್ದರೆ ನೀರೊಳಗಿನದು, ಪೂರ್ಣವಾಗಿದ್ದರೆ ನೀರಿನ ಮೇಲಿನದು. ಎಫ್-16 ಒಂದರಲ್ಲೇ ವೃತ್ತಕ್ಕೆ ಮೂರು ಅರ್ಥಗಳಿವೆ: ಡೇಟಾಲಿಂಕಿನ ಹಸಿರು ವೃತ್ತ ಮಿತ್ರನನ್ನು ಹೇಳುತ್ತದೆ, ರೇಡಾರಿನ ಚೌಕದ ಸುತ್ತ ವೃತ್ತ ಬಂದರೆ ನಾವು ಆ ವಿಮಾನವನ್ನು ಗುರಿಯಾಗಿ ಆರಿಸಿಕೊಂಡಿದ್ದೇವೆಂದು ಅರ್ಥ, ಎಚ್ಚರಿಕೆಯ ತೆರೆಯಲ್ಲಿ ಸಂಖ್ಯೆಯೊಂದರ ಸುತ್ತ ವೃತ್ತ ಮಿನುಗಿದರೆ ಅಲ್ಲಿಂದ ನಮ್ಮ ಮೇಲೆ ಕ್ಷಿಪಣಿ ಹೊರಟಿದೆ. ಕನ್ನಡ ಓದುವವರಿಗೆ ಇದು ಕಷ್ಟವಾಗಬಾರದು. ಅಂಕಿಗಳ ನಡುವೆ ಕಂಡ ದುಂಡು ನಮಗೆ ಸೊನ್ನೆ, ಅಕ್ಷರದ ಪಕ್ಕದಲ್ಲಿ ಕಂಡ ಅದೇ ದುಂಡು ಅನುಸ್ವಾರ. ‘ಅಂಗಡಿ’ಯಲ್ಲಿ ಅದರ ಉಲಿ ಒಂದು, ‘ಅಂಬು’ವಿನಲ್ಲಿ ಇನ್ನೊಂದು. ಯಾವ ತೆರೆ, ಯಾವ ಜಾಗ, ಯಾವುದರ ಪಕ್ಕ ಎಂದು ಕೇಳಿಕೊಂಡೇ ರೇಡಾರಿನ ಚಿಹ್ನೆಯನ್ನೂ ಓದಬೇಕು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ, ಅಂಕಣದಲ್ಲಿ ಪ್ರಸ್ತಾಪವೇ ಆಗದ ಸಂಗತಿ. ಸಿನಿಮಾಗಳಲ್ಲಿ ನಾವು ನೋಡಿರುವ ರೇಡಾರ್ ತೆರೆ ಗುಂಡಗಿರುತ್ತದೆ, ನಡುವೆ ನಾವು, ಸುತ್ತ ಪ್ರಪಂಚ. ಯುದ್ಧವಿಮಾನದ ರೇಡಾರ್ ತೆರೆ ಚೌಕ, ಅದು ನಕ್ಷೆಯಲ್ಲ. ಅದನ್ನು ಬಿ-ಸ್ಕೋಪ್ ಎನ್ನುತ್ತಾರೆ. ನಾನು ತರಗತಿಯಲ್ಲಿ ಹೇಳುತ್ತಿದ್ದ ಮಾತಿನಲ್ಲಿ ಹೇಳುವುದಾದರೆ ಅದೊಂದು ಗ್ರಾಫು. ಅಡ್ಡ ಅಕ್ಷದಲ್ಲಿ ಕೋನವಿದೆ, ಎಫ್-16ರಲ್ಲಿ ನಡುಗೆರೆಯಿಂದ ಎಡಕ್ಕೆ 60 ಡಿಗ್ರಿ, ಬಲಕ್ಕೆ 60 ಡಿಗ್ರಿ. ಲಂಬ ಅಕ್ಷದಲ್ಲಿ ದೂರವಿದೆ. ನಮ್ಮ ವಿಮಾನ ಕೆಳಗಿನ ಅಂಚಿನ ನಡುವೆ ಇದೆಯೆಂದು ಹೊಸಬರೆಲ್ಲ ಭಾವಿಸುತ್ತಾರೆ. ನಿಜವಾಗಿ ಕೆಳಗಿನ ಅಂಚು ಪೂರ್ತಿಯಾಗಿ ನಮ್ಮ ವಿಮಾನವೇ, ಏಕೆಂದರೆ ಆ ಅಂಚಿನ ಪ್ರತಿಯೊಂದು ಬಿಂದುವಿನಲ್ಲೂ ದೂರ ಸೊನ್ನೆ. ಒಂದು ಬಿಂದುವನ್ನು ಎಳೆದು ಗೆರೆಯಾಗಿಸಿದ್ದಾರೆ. ಬೀಸಣಿಗೆಯ ಹಿಡಿಯನ್ನು ಬಿಡಿಸಿ, ಮೇಲ್ಭಾಗದಷ್ಟೇ ಅಗಲಕ್ಕೆ ಹಿಗ್ಗಿಸಿದರೆ ಹೇಗಿರುತ್ತದೋ ಹಾಗೆ.

ಇದರಿಂದ ಕಣ್ಣಿಗಾಗುವ ಮೋಸವನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಎರಡು ವಿಮಾನಗಳು ತಮ್ಮ ನಡುವೆ 2 ಮೈಲಿ ಅಂತರ ಇಟ್ಟುಕೊಂಡು ಜೋಡಿಯಾಗಿ ನೇರ ನಮ್ಮ ಕಡೆಗೆ ಬರುತ್ತಿವೆ ಎಂದಿಟ್ಟುಕೊಳ್ಳೋಣ. ಅವು 40 ಮೈಲಿ ದೂರದಲ್ಲಿದ್ದಾಗ ನಮಗೆ ಆ ಅಂತರ ಕಾಣುವುದು ಸುಮಾರು 3 ಡಿಗ್ರಿಯಷ್ಟು. 120 ಡಿಗ್ರಿಯ ತೆರೆಯಲ್ಲಿ ಎರಡೂ ಚೌಕಗಳು ಒಂದಕ್ಕೊಂದು ಅಂಟಿಕೊಂಡಂತಿರುತ್ತವೆ. ಅದೇ ಜೋಡಿ 5 ಮೈಲಿಗೆ ಬಂದಾಗ ಅಂತರ ಸುಮಾರು 23 ಡಿಗ್ರಿಯಾಗಿ, ಚೌಕಗಳು ತೆರೆಯ ಐದನೆಯ ಒಂದು ಭಾಗದಷ್ಟು ದೂರ ನಿಲ್ಲುತ್ತವೆ. ಪೈಲಟ್‌ಗಳು ತಮ್ಮ ದಾರಿಯನ್ನು ಒಂದಿಷ್ಟೂ ಬದಲಿಸಿಲ್ಲ. ಆದರೂ ತೆರೆ ನೋಡಿದವನಿಗೆ ಇಬ್ಬರೂ ಎಡಕ್ಕೊಬ್ಬ ಬಲಕ್ಕೊಬ್ಬ ಕವಲೊಡೆದು ನಮ್ಮನ್ನು ಸುತ್ತುವರಿಯುತ್ತಿರುವಂತೆ ಕಾಣುತ್ತದೆ. ನನ್ನ ಮೊಮ್ಮಗಳು ಎಷ್ಟೋ ದಿನ ಹೀಗೆ ಗಾಬರಿಗೊಂಡು ತಿರುಗಿ ಓಡುತ್ತಿದ್ದಳು. ಒಂದು ಭಾನುವಾರ ಗ್ರಾಫ್ ಹಾಳೆಯ ಮೇಲೆ ಇದನ್ನು ಬರೆದು ತೋರಿಸಿದ ಮೇಲೆ ಅವಳ ಓಟ ನಿಂತಿತು.

ಗ್ರಾಫ್ ಎಂದು ಒಪ್ಪಿಕೊಂಡು ಓದಿದರೆ ಅದೇ ತೆರೆ ನಕ್ಷೆಗಿಂತ ಹೆಚ್ಚಿನದನ್ನು ಹೇಳಬಲ್ಲದು. ನಾವು ನೇರ ಹಾರುತ್ತಿರುವಾಗ ಒಂದು ಚಿಹ್ನೆ ಅಡ್ಡಡ್ಡ ಸರಿಯದೆ, ಬಾವಿಗೆ ಇಳಿಬಿಟ್ಟ ಕೊಡದಂತೆ ನೆಟ್ಟಗೆ ಕೆಳಕ್ಕೆ ಇಳಿಯುತ್ತಿದ್ದರೆ ಕೋನ ಬದಲಾಗುತ್ತಿಲ್ಲ, ದೂರ ಮಾತ್ರ ಕುಗ್ಗುತ್ತಿದೆ ಎಂದರ್ಥ. ಇಬ್ಬರೂ ಹೀಗೆಯೇ ಸಾಗಿದರೆ ಒಂದೇ ಜಾಗದಲ್ಲಿ ಕೂಡುತ್ತೇವೆ. ಇಳಿಯುತ್ತ ಅಂಚಿನ ಕಡೆಗೆ ವಾಲುವ ಚಿಹ್ನೆ ನಮ್ಮ ಪಕ್ಕದಿಂದ ಹಾದುಹೋಗುತ್ತದೆ. ಹಡಗು ನಡೆಸುವವರು ಕಣ್ಣಳತೆಯಲ್ಲಿ ಶತಮಾನಗಳಿಂದ ಬಳಸಿದ ಈ ನಿಯಮವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿ ತೆರೆಯ ಮೇಲೆ ತಾನೇ ಕಂಡುಕೊಳ್ಳಬಹುದು.

ತೆರೆ ಖಾಲಿಯಿದ್ದರೆ ಆಕಾಶವೂ ಖಾಲಿ ಎಂಬ ನಂಬಿಕೆ ಇನ್ನೊಂದು ದೊಡ್ಡ ತೊಡಕು. ಎಫ್-16ರಲ್ಲಿ ನಾವು ತೆರೆಯ ಮೇಲೆ ಸರಿಸುವ ಕರ್ಸರ್ ಎರಡು ಪುಟ್ಟ ಲಂಬ ಗೆರೆಗಳ ಜೋಡಿ. ಅದರ ಪಕ್ಕದಲ್ಲಿ ಮೇಲೊಂದು ಕೆಳಗೊಂದು ಸಂಖ್ಯೆಗಳಿರುತ್ತವೆ. ಹೊಸಬರು ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ತೆರೆಯ ಮೇಲಿನ ಅತ್ಯಂತ ಬೆಲೆಬಾಳುವ ಅಂಕಿಗಳು ಅವೇ ಎಂಬುದು ನನ್ನ ಅಭಿಪ್ರಾಯ. ಕರ್ಸರ್ ಇರುವ ದೂರದಲ್ಲಿ ರೇಡಾರಿನ ಕಿರಣ ಎಷ್ಟು ಸಾವಿರ ಅಡಿಯಿಂದ ಎಷ್ಟು ಸಾವಿರ ಅಡಿಯವರೆಗೆ ನೋಡುತ್ತಿದೆಯೆಂದು ಅವು ಹೇಳುತ್ತವೆ. 1 ಡಿಗ್ರಿ ಕೋನ 60 ಮೈಲಿ ದೂರದಲ್ಲಿ ಸುಮಾರು 1 ಮೈಲಿ, ಎಂದರೆ ಸುಮಾರು 6000 ಅಡಿ. 10 ಮೈಲಿ ದೂರದಲ್ಲಿ ಸುಮಾರು 1000 ಅಡಿ. ಇಲ್ಲಿ ಮೈಲಿಯೆಂದರೆ 1.852 ಕಿಲೋಮೀಟರಿನ ನಾಟಿಕಲ್ ಮೈಲಿ. ನಾವು 20,000 ಅಡಿಯಲ್ಲಿದ್ದು, ಕಿರಣ ಮೇಲಕ್ಕೆ 5 ಡಿಗ್ರಿ ಕೆಳಕ್ಕೆ 5 ಡಿಗ್ರಿ ಜಾಲಾಡುತ್ತಿದೆಯೆನ್ನೋಣ. 40 ಮೈಲಿಯಲ್ಲಿ ಅದು ಸುಮಾರು 40,000 ಅಡಿಯವರೆಗೂ ಮುಟ್ಟುವುದರಿಂದ 35,000 ಅಡಿಯಲ್ಲಿ ಬರುತ್ತಿರುವ ವಿಮಾನ ಚೆನ್ನಾಗಿಯೇ ಕಾಣುತ್ತದೆ. ಅದೇ ವಿಮಾನ 20 ಮೈಲಿಗೆ ಬರುವಷ್ಟರಲ್ಲಿ ಕಿರಣದ ಮೇಲಂಚು 30,000 ಅಡಿಗೆ ಇಳಿದಿರುತ್ತದೆ, ಚಿಹ್ನೆ ಮಾಯವಾಗುತ್ತದೆ. ಅಪಾಯ ಹತ್ತಿರವಾದಾಗಲೇ ತೆರೆ ಬರಿದಾಗುತ್ತದೆ. ಆಂಟೆನಾವನ್ನು ಸ್ವಲ್ಪ ಮೇಲಕ್ಕೆ ಎತ್ತಬೇಕೆಂದು ತಿಳಿಯದವನು ಶತ್ರು ಹಿಂದಿರುಗಿ ಹೋದನೆಂದು ಸಮಾಧಾನಪಡುತ್ತಾನೆ.

ಚಿಹ್ನೆ ಮಾಯವಾಗಲು ಇನ್ನೊಂದು ಕಾರಣ ಡಾಪ್ಲರ್ ಪರಿಣಾಮ. ರೈಲು ನಿಲ್ದಾಣವನ್ನು ಹಾದುಹೋಗುವಾಗ ಅದರ ಸಿಳ್ಳೆಯ ಸ್ಥಾಯಿ ಇಳಿಯುವುದನ್ನು ಉದಾಹರಣೆ ಕೊಟ್ಟು ನಾವು ಪಾಠ ಮಾಡುತ್ತೇವಲ್ಲ, ಅದೇ. ನೆಲದಿಂದ ಮರಳುವ ಅಪಾರ ಅಲೆಗಳನ್ನು ಸೋಸಿ ತೆಗೆಯಲು ರೇಡಾರು, ನೆಲದ ವೇಗಕ್ಕೆ ಹೊಂದುವ ಪ್ರತಿಧ್ವನಿಗಳನ್ನೆಲ್ಲ ಬಿಟ್ಟುಬಿಡುತ್ತದೆ. ಎದುರಾಳಿ ನಮ್ಮ ದೃಷ್ಟಿರೇಖೆಗೆ ಲಂಬವಾಗಿ ತಿರುಗಿ ಹಾರಿದರೆ ಅವನು ನಮ್ಮತ್ತ ಬರುತ್ತಲೂ ಇಲ್ಲ, ಸರಿಯುತ್ತಲೂ ಇಲ್ಲ. ರೇಡಾರಿನ ಲೆಕ್ಕದಲ್ಲಿ ಅವನೂ ನೆಲದ ಒಂದು ತುಂಡಾಗುತ್ತಾನೆ, ಜರಡಿಯಲ್ಲಿ ಜಾರಿಹೋಗುತ್ತಾನೆ. ಹೀಗೆ ಜಾರಿದ ಮೇಲೂ, ಹಲವು ಗುರಿಗಳನ್ನು ಒಟ್ಟಿಗೆ ಹಿಂಬಾಲಿಸುವ ಕ್ರಮದಲ್ಲಿ, ಅವನು ಮೊದಲಿನ ದಿಕ್ಕಿನಲ್ಲೇ ಸಾಗಿರಬಹುದೆಂಬ ಊಹೆಯ ಮೇಲೆ ಕಂಪ್ಯೂಟರು ಕೆಲವು ಸೆಕೆಂಡು ಚಿಹ್ನೆಯನ್ನು ಮುಂದಕ್ಕೆ ನಡೆಸುತ್ತಿರುತ್ತದೆ. ಆ ಕ್ಷಣದಲ್ಲಿ ತೆರೆಯ ಮೇಲೆ ಇರುವುದು ಊಹೆ, ಅಲ್ಲಿ ವಿಮಾನವೇ ಇರಲಿಕ್ಕಿಲ್ಲ.

ಚಿಹ್ನೆಯ ಪಕ್ಕದ ಸಂಖ್ಯೆಗಳ ಬಗ್ಗೆ ಎರಡು ಮಾತು. ಎಫ್-16ರಲ್ಲಿ ಚೌಕದ ಕೆಳಗಿನ ಸಂಖ್ಯೆ ಸಾವಿರ ಅಡಿಗಳಲ್ಲಿ ಎತ್ತರ. ಹಾರ್ನೆಟ್‌ನಲ್ಲಿ ಚಿಹ್ನೆಯ ಎಡಕ್ಕೆ ಮ್ಯಾಕ್ ವೇಗ (ಶಬ್ದದ ವೇಗದ ಎಷ್ಟು ಪಟ್ಟು ಎಂಬುದು), ಬಲಕ್ಕೆ ಎತ್ತರ. ಒಂದು ಸಂಖ್ಯೆ ಒಂದು ಗಳಿಗೆಯ ಎತ್ತರವನ್ನಷ್ಟೇ ಹೇಳುತ್ತದೆ, ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಎರಡು ಸಲ ಓದಬೇಕು. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದಾಗ ಅದರಲ್ಲಿದ್ದ 290 ಜನರೂ ಸತ್ತರು. ವಿಮಾನ ಮೇಲೇರುತ್ತಿತ್ತೆಂದು ಹಡಗಿನ ಯಂತ್ರಗಳೇ ದಾಖಲಿಸಿದ್ದವು, ಆದರೆ ಅದು ಕೆಳಗಿಳಿದು ಮೇಲೆರಗಲು ಬರುತ್ತಿದೆಯೆಂಬ ಮಾತು ಹಡಗಿನೊಳಗೆ ಹಬ್ಬಿತ್ತು.

ಕೊನೆಗೆ, ಅಂಕಣದಲ್ಲಿ ತಪ್ಪಾಗಿ ಅಚ್ಚಾದ ವಿಷಯ. ಎಚ್ಚರಿಕೆಯ ತೆರೆ, ಎಂದರೆ ಆರ್‌ಡಬ್ಲ್ಯುಆರ್, ರೇಡಾರ್ ಅಲ್ಲವೇ ಅಲ್ಲ. ಅದು ಏನನ್ನೂ ಕಳುಹಿಸುವುದಿಲ್ಲ. ಬೇರೆಯವರ ರೇಡಾರು ನಮ್ಮ ಮೇಲೆ ಬೀಳುತ್ತಿರುವುದನ್ನು ಆಲಿಸುವ ಕಿವಿ ಅದು. ಕತ್ತಲಲ್ಲಿ ಯಾರೋ ಟಾರ್ಚ್ ಹಿಡಿದರೆ ಬೆಳಕು ಯಾವ ಕಡೆಯಿಂದ ಬಂತೆಂದು ಗೊತ್ತಾಗುತ್ತದೆ. ಹಿಡಿದವನು ಎಷ್ಟು ಹೆಜ್ಜೆ ದೂರದಲ್ಲಿದ್ದಾನೆಂದು ಬೆಳಕಿನಿಂದ ಅಳೆಯಲಾಗದು. ಎಫ್-16ರಲ್ಲಿ ಈ ದುಂಡು ತೆರೆಯ ಮೇಲೆ ಚಿಹ್ನೆ ನಡುವಿಗೆ ಬಂದಷ್ಟೂ ಯಂತ್ರ ಅದನ್ನು ಹೆಚ್ಚು ಮಾರಕವೆಂದು ಎಣಿಸಿದೆ ಎಂದರ್ಥ. ಅದು ಮೈಲಿಯ ಅಳತೆಯಲ್ಲ. ಅಲ್ಲಿ ರೇಡಾರಿನ ಬಗೆಯನ್ನು ಸೂಚಿಸುವ ಸಂಖ್ಯೆಯ ತಲೆಯ ಮೇಲೆ ಟೊಪ್ಪಿಯಂಥ ಗುರುತಿದ್ದರೆ ಅದು ಹಾರುತ್ತಿರುವ ವಿಮಾನದ ರೇಡಾರು. ಟೊಪ್ಪಿಯಿಲ್ಲದ 6 ಎಂದರೆ ನೆಲದ ಮೇಲಿರುವ, ಪಾಶ್ಚಾತ್ಯರು ಎಸ್ಎ-6 ಎಂದು ಕರೆಯುವ ರಷ್ಯಾ ಮೂಲದ ಕ್ಷಿಪಣಿ ವ್ಯವಸ್ಥೆ. ವಜ್ರಾಕಾರದೊಳಗೆ ಕುಳಿತದ್ದನ್ನು ಯಂತ್ರ ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕಾದ ಅಪಾಯವೆಂದು ಭಾವಿಸಿದೆ. ಈ ಸಿಮ್ಯುಲೇಟರಿನಲ್ಲಿ ಮಿಗ್-29ಕ್ಕೂ ಸುಖೋಯ್-27ಕ್ಕೂ 29 ಎಂಬ ಒಂದೇ ಸಂಖ್ಯೆ ಬರುತ್ತದೆ, ಏಕೆಂದರೆ ಈ ಸಾಧನಕ್ಕೆ ಗೊತ್ತಾಗುವುದು ರೇಡಾರಿನ ದನಿ ಮಾತ್ರ, ರೆಕ್ಕೆಯ ಆಕಾರವಲ್ಲ. ತನ್ನ ರೇಡಾರನ್ನು ನಿಲ್ಲಿಸಿ ಮೌನವಾಗಿ ಬರುವವನು ಈ ತೆರೆಯಲ್ಲಿ ಕಾಣುವುದೇ ಇಲ್ಲ.

ತೇಜಸ್ ವಿಮಾನ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ್ದು ಬೆಂಗಳೂರಿನಲ್ಲಿ. ಅದಕ್ಕೆಂದು ಉತ್ತಮ್ ಎಂಬ ರೇಡಾರನ್ನು ರೂಪಿಸಿದ ಡಿಆರ್‌ಡಿಒದ ಎಲ್‌ಆರ್‌ಡಿಇ ಪ್ರಯೋಗಾಲಯವೂ ಅಲ್ಲಿಯೇ ಇದೆ. ರೇಡಾರ್ ತಯಾರಾಗುವ ನಾಡಿನಲ್ಲಿ ಅದನ್ನು ಓದುವ ವಿದ್ಯೆಯ ಬಗ್ಗೆ ಕನ್ನಡದಲ್ಲಿ ಒಂದು ಪುಟವನ್ನು ಮಕ್ಕಳ ಕೈಗಿಡಲು ಹುಡುಕಿದಾಗ ನನಗೆ ಸಿಗಲಿಲ್ಲ, ಅದು ನನ್ನನ್ನು ನೋಯಿಸುತ್ತದೆ. ಹೊಸ ಪದಗಳನ್ನು ಹೊಸೆಯುವ ಅಗತ್ಯವೂ ಇಲ್ಲ. ತೆರೆ, ಚಿಹ್ನೆ, ಕೋನ, ಅಕ್ಷ, ಪ್ರತಿಧ್ವನಿ ಎಲ್ಲವೂ ನಮ್ಮ ಪಠ್ಯಪುಸ್ತಕದಲ್ಲಿ ಆಗಲೇ ಇವೆ. ರೇಡಾರ್, ಕರ್ಸರ್, ಆಂಟೆನಾ ಆಡುಮಾತಿನಲ್ಲಿ ಬೆರೆತುಹೋಗಿವೆ.

ಆದ್ದರಿಂದ ಮುಂದಿನ ಪುರವಣಿಯಲ್ಲಿ ಎಚ್ಚರಿಕೆಯ ತೆರೆಯ ಕುರಿತ ವಾಕ್ಯವನ್ನು ತಿದ್ದಿ ಪ್ರಕಟಿಸಬೇಕೆಂದೂ, ಜಾಗವಿದ್ದರೆ ಇದರೊಂದಿಗೆ ಲಗತ್ತಿಸಿರುವ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಮಾಡಬೇಕೆಂದೂ ಕೋರುತ್ತೇನೆ. ಮೊದಲನೆಯದು 2 ಮೈಲಿ ಅಂತರದಲ್ಲಿ ಬರುವ ಜೋಡಿ ವಿಮಾನಗಳನ್ನು ಮೇಲಿನಿಂದ ಕಂಡ ನಕ್ಷೆ. ಎರಡನೆಯದು ಅದೇ ಜೋಡಿ 40, 20, 10 ಮತ್ತು 5 ಮೈಲಿಗಳಲ್ಲಿ ಬಿ-ಸ್ಕೋಪಿನ ಮೇಲೆ ಕಾಣುವ ಬಗೆ. ಎರಡನ್ನೂ ಗ್ರಾಫ್ ಹಾಳೆಯಲ್ಲಿ ಕೈಯಿಂದಲೇ ಬರೆದಿದ್ದೇನೆ, ಮೊಮ್ಮಗಳು ಲೆಕ್ಕವನ್ನು ಪರಿಶೀಲಿಸಿದ್ದಾಳೆ. ಎರಡನೆಯ ಚಿತ್ರದ ಅಡ್ಡ ಅಕ್ಷದ ಮೇಲಿರುವ ‘ಡಿಗ್ರಿ’ ಎಂಬ ಪದ ಮುದ್ರಣದಲ್ಲಿ ಬಿಟ್ಟುಹೋಗದಂತೆ ದಯವಿಟ್ಟು ನೋಡಿಕೊಳ್ಳಬೇಕು. ಅದು ಬಿಟ್ಟುಹೋದರೆ ಮಕ್ಕಳು ಆ ಗ್ರಾಫನ್ನೂ ನಕ್ಷೆಯೆಂದೇ ಓದಿಬಿಡುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಶಿವಮೊಗ್ಗ